ಸಂತರ ಹಬ್ಬಗಳೂ ನಮ್ಮ ಕರಾವಳಿಯೂ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಕಟ್ಟಡದ ಚರಿತ್ರೆಯನ್ನು ಬರೆದಿಡುವುದು ವಾಡಿಕೆ. ಅಡಿಗಲ್ಲು ಎಂದು ಬಿತ್ತು, ಯಾವ ಗುರುಗಳ ಕಾಲದಲ್ಲಿ ಘಂಟೆ ಬಂದಿತು, ಮಾಡಿಗೆ ಹಂಚು ಹೊದಿಸಿದ್ದು ಯಾವಾಗ ಎಂಬ ವಿವರಗಳು ಅಗತ್ಯವಾಗಿಯೂ ಬೇಕು. ಆದರೆ ಗೋಡೆಗಳ ಚರಿತ್ರೆಯ ಜೊತೆಗೆ ಇನ್ನೊಂದು ಚರಿತ್ರೆಯೂ ಇದೆ. ಅದು ದಿನಗಳ ಚರಿತ್ರೆ. ಒಂದು ಧರ್ಮಕೇಂದ್ರ ನೂರು ವರ್ಷ ಬಾಳಿತು ಎಂದರೆ, ಅದರ ಜನರು ಒಂದೊಂದು ಹಬ್ಬವನ್ನೂ ನೂರು ಸಲ ಆಚರಿಸಿದರು ಎಂದೇ ಅರ್ಥ. ತಾತನ ಕೈ ಹಿಡಿದು ಹಬ್ಬಕ್ಕೆ ಬಂದ ಮಗು ತಾನೇ ತಾತನಾಗಿ ಮೊಮ್ಮಗುವಿನ ಕೈ ಹಿಡಿದು ಅದೇ ದಿನ ಅದೇ ಬಾಗಿಲಿಗೆ ಬರುತ್ತದೆ. ಈ ಲೇಖನದಲ್ಲಿ ಸಂತರ ಹಬ್ಬಗಳು ಹೇಗೆ ಹುಟ್ಟಿದವು, ಧರ್ಮಸಭೆಯ ಪಂಚಾಂಗದಲ್ಲಿ ಹೇಗೆ ಸ್ಥಾನ ಪಡೆದವು, ಕುಮಟಾ, ಹೊನ್ನಾವರ, ಭಟ್ಕಳಗಳ ಈ ನೆಲದಲ್ಲಿ ಅವು ಯಾವ ರೀತಿ ಬೇರೂರಿದವು ಎಂಬುದನ್ನು ಸ್ಥೂಲವಾಗಿ ನಿರೂಪಿಸಲು ಪ್ರಯತ್ನಿಸಲಾಗಿದೆ.

ಮರಣದ ದಿನವೇ ಜನ್ಮದಿನ

ಲೋಕದ ರೂಢಿಯಲ್ಲಿ ದೊಡ್ಡವರ ಜಯಂತಿಯನ್ನು ಆಚರಿಸುತ್ತೇವೆ. ಅವರು ಹುಟ್ಟಿದ ದಿನ ನಮಗೆ ಮುಖ್ಯ. ಧರ್ಮಸಭೆಯ ರೂಢಿ ಇದಕ್ಕಿಂತ ಭಿನ್ನವಾದುದು. ಸಂತರ ಹಬ್ಬ ಬಹುಮಟ್ಟಿಗೆ ಅವರು ತೀರಿಕೊಂಡ ದಿನವೇ ಬರುತ್ತದೆ. ಆದಿ ಕ್ರೈಸ್ತರು ಆ ದಿನವನ್ನು ‘ಜನ್ಮದಿನ’ ಎಂದೇ ಕರೆಯುತ್ತಿದ್ದರು. ಇಹದಲ್ಲಿ ಕಣ್ಣು ಮುಚ್ಚಿದ್ದು ಪರದಲ್ಲಿ ಕಣ್ಣು ತೆರೆದದ್ದು ಎಂಬ ನಂಬಿಕೆ ಇದರ ಮೂಲದಲ್ಲಿದೆ. ಹುಟ್ಟಿದ ದಿನವನ್ನೇ ಹಬ್ಬವಾಗಿ ಆಚರಿಸುವುದು ಮೂವರಿಗೆ ಮಾತ್ರ: ಡಿಸೆಂಬರ್ 25ರಂದು ಯೇಸುಸ್ವಾಮಿಗೆ, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರಿಗೆ ಮತ್ತು ಜೂನ್ 24ರಂದು ಸ್ನಾನಿಕ ಯೊವಾನ್ನರಿಗೆ.

ಈ ಪದ್ಧತಿಯ ಅತಿ ಹಳೆಯ ಸಾಕ್ಷ್ಯಗಳಲ್ಲೊಂದು ಇಂದಿನ ತುರ್ಕಿ ದೇಶದಲ್ಲಿರುವ ಸ್ಮಿರ್ನಾ ಪಟ್ಟಣದಿಂದ ಬಂದಿದೆ. ಸುಮಾರು ಕ್ರಿ.ಶ. 155ರಲ್ಲಿ ಅಲ್ಲಿಯ ವೃದ್ಧ ಬಿಷಪ್ ಪೊಲಿಕಾರ್ಪರನ್ನು ಧರ್ಮದ ನಿಮಿತ್ತ ಕೊಲ್ಲಲಾಯಿತು. ಕ್ರಿಸ್ತನನ್ನು ನಿರಾಕರಿಸು ಎಂದು ಅಧಿಕಾರಿಯು ಒತ್ತಾಯಿಸಿದಾಗ, ಎಂಬತ್ತಾರು ವರ್ಷ ತಾವು ಸೇವಿಸಿದ ಒಡೆಯನನ್ನು ಹೇಗೆ ದೂಷಿಸಲಿ ಎಂಬರ್ಥದ ಉತ್ತರವನ್ನು ಅವರಿತ್ತರು. ಅವರ ಜನರು ಉಳಿದ ಅಸ್ಥಿಗಳನ್ನು ಆಯ್ದುಕೊಂಡು, ಯೋಗ್ಯವಾದ ಸ್ಥಳದಲ್ಲಿರಿಸಿ, ಪ್ರತಿ ವರ್ಷವೂ ಆ ದಿನ ಅಲ್ಲಿ ಕೂಡುವುದಾಗಿ ನೆರೆಯ ಸಭೆಗೆ ಪತ್ರ ಬರೆದರು. ಫೆಬ್ರುವರಿ 23ರಂದು ಇಂದಿಗೂ ಅವರ ಸ್ಮರಣೆ ನಡೆಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸ್ಮಿರ್ನಾದ ಜನರಿಗೆ ಹಬ್ಬ ಆಚರಿಸಿರೆಂದು ರೋಮಿನಿಂದ ಆಜ್ಞೆ ಬಂದಿರಲಿಲ್ಲ. ಅವರಿಗೆ ದೇವಾಲಯವೂ ಇರಲಿಲ್ಲ, ರಾಜಾಶ್ರಯವೂ ಇರಲಿಲ್ಲ. ಅವರಲ್ಲಿದ್ದುದು ಒಂದು ಸಮಾಧಿ ಮತ್ತು ಒಂದು ತಾರೀಖು ಮಾತ್ರ. ತಮ್ಮವರೊಬ್ಬರ ಸಾವನ್ನು ಮರೆಯಲಾರೆವು ಎಂದು ಊರಿನ ಸಾಮಾನ್ಯ ಜನರು ಮಾಡಿಕೊಂಡ ನಿರ್ಧಾರದಿಂದಲೇ ಸಂತರ ಹಬ್ಬಗಳು ಹುಟ್ಟಿದವು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ತಿಳಿಯಾಗುತ್ತದೆ.

ಪಂಚಾಂಗ ಬೆಳೆದ ಬಗೆ

ಒಂದೊಂದು ಪಟ್ಟಣವೂ ತನ್ನ ಹುತಾತ್ಮರ ದಿನಗಳನ್ನು ಬರೆದಿಟ್ಟುಕೊಳ್ಳತೊಡಗಿತು. ರೋಮಿನಲ್ಲಿ 354ನೆಯ ಇಸವಿಯಲ್ಲಿ ಸಿದ್ಧವಾದ ಒಂದು ಸಂಕಲನದಲ್ಲಿ ಅಂಥ ಪಟ್ಟಿಯು ದೊರೆಯುತ್ತದೆ. ಯಾವ ದಿನ, ಯಾರನ್ನು, ಯಾವ ಸ್ಮಶಾನದಲ್ಲಿ ಹೂಳಲಾಗಿದೆ ಎಂಬಷ್ಟೇ ವಿವರ ಅದರಲ್ಲಿದೆ. ಜನವರಿ 20ರ ಸಂತ ಸೆಬಾಸ್ಟಿಯನ್ನರ ಹೆಸರು ಆ ಪಟ್ಟಿಯಲ್ಲಿಯೇ ಇದೆ. ಪ್ಲೇಗು ಮೊದಲಾದ ಸಾಂಕ್ರಾಮಿಕ ರೋಗಗಳಿಂದ ಕಾಯುವ ಸಂತರೆಂದು ಪಶ್ಚಿಮ ಕರಾವಳಿಯ ನೂರಾರು ಮನೆಗಳಲ್ಲಿ ‘ಬಸ್ತ್ಯಾಂವ್’ ಎಂಬ ಹೆಸರಿನಿಂದ ಪರಿಚಿತರಾದ ಈ ಸಂತರ ದಿನ, ಹದಿನಾರು ಶತಮಾನಗಳಿಗೂ ಮಿಗಿಲಾಗಿ ಬದಲಾಗದೆ ಉಳಿದಿದೆ.

ಹಿಂಸೆಯ ಕಾಲ ಮುಗಿದ ಬಳಿಕ, ರಕ್ತ ಸುರಿಸದಿದ್ದರೂ ಪವಿತ್ರವಾಗಿ ಬಾಳಿದವರನ್ನೂ ಜನರು ಗೌರವಿಸತೊಡಗಿದರು. ಫ್ರಾನ್ಸ್ ದೇಶದ ತೂರ್ ಪಟ್ಟಣದ ಬಿಷಪ್ ಸಂತ ಮಾರ್ಟಿನ್ ಅಂಥವರಲ್ಲಿ ಮೊದಲಿಗರು. ಹೀಗೆ ಹೆಸರುಗಳು ಹೆಚ್ಚುತ್ತ ಹೋದಂತೆ ಪರಿಶೀಲನೆಯ ಅಗತ್ಯವೂ ಕಂಡಿತು. 993ರಲ್ಲಿ ಆಗ್ಸ್‌ಬರ್ಗಿನ ಬಿಷಪ್ ಉಲ್ರಿಕ್‌ರನ್ನು ಪೋಪ್ 15ನೆಯ ಜಾನ್ ಸಂತರೆಂದು ಸಾರಿದ್ದು, ಪೋಪರು ವಿಧಿವತ್ತಾಗಿ ಮಾಡಿದ ಮೊದಲ ಘೋಷಣೆ ಎಂದು ಎಣಿಸಲ್ಪಟ್ಟಿದೆ. 1234ರಲ್ಲಿ 9ನೆಯ ಗ್ರೆಗೊರಿಯವರು ಈ ಅಧಿಕಾರವನ್ನು ಪೋಪರಿಗೇ ಮೀಸಲಾಗಿರಿಸಿದರು. ಅವರೇ ಎರಡು ವರ್ಷ ಮೊದಲು, ಪಾದುವಾದ ಸಂತ ಅಂತೋನಿಯವರನ್ನು, ಅವರು ತೀರಿಕೊಂಡು ಒಂದು ವರ್ಷ ತುಂಬುವ ಮೊದಲೇ ಸಂತರೆಂದು ಘೋಷಿಸಿದ್ದರು. ಜನರ ಭಕ್ತಿ ಅಷ್ಟು ತೀವ್ರವಾಗಿತ್ತು.

ಪಂಚಾಂಗದ ಚರಿತ್ರೆಯಲ್ಲಿ ಒಂದು ಸ್ವಾರಸ್ಯಕರ ಪ್ರಸಂಗವಿದೆ. 1582ರಲ್ಲಿ ಪೋಪ್ 13ನೆಯ ಗ್ರೆಗೊರಿಯವರು ದಿನಗಣನೆಯನ್ನು ತಿದ್ದಿದಾಗ, ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲಾಯಿತು. ನಡುವಿನ ಹತ್ತು ದಿನಗಳು ಬಿಟ್ಟುಹೋದವು. ಆವಿಲಾದ ಸಂತ ತೆರೇಸಾ ಅದೇ ರಾತ್ರಿ ಸ್ಪೇನ್ ದೇಶದಲ್ಲಿ ಪ್ರಾಣಬಿಟ್ಟರು. ಆದ್ದರಿಂದಲೇ ಅವರ ಹಬ್ಬ ಅಕ್ಟೋಬರ್ 15ರಂದು ಬರುತ್ತದೆ.

ನಮ್ಮ ಕರಾವಳಿಗೆ ಬಂದ ಹಬ್ಬಗಳು

ಪಶ್ಚಿಮ ದೇಶಗಳಲ್ಲಿ ಬೆಳೆದ ಈ ಪಂಚಾಂಗವು ಪೋರ್ಚುಗೀಸರ ಹಡಗುಗಳೊಡನೆ ನಮ್ಮ ಕಡಲತೀರವನ್ನು ಮುಟ್ಟಿತು. 1510ರಲ್ಲಿ ಗೋವೆ ಅವರ ವಶವಾಯಿತು. ಆ ಕಾರ್ಯದಲ್ಲಿ ಅವರಿಗೆ ನೆರವಾದ ತಿಮ್ಮೋಜನಿಗೆ ಹೊನ್ನಾವರದೊಡನೆ ಸಂಬಂಧವಿತ್ತು. 1569ರಲ್ಲಿ ಹೊನ್ನಾವರದ ಕೋಟೆಯನ್ನೂ ಅವರು ಹಿಡಿದರು. ಆದರೆ ಕರಾವಳಿಯ ಕ್ರೈಸ್ತ ಸಮಾಜವನ್ನು ಕೋಟೆಗಳು ಕಟ್ಟಲಿಲ್ಲ. ತೆರಿಗೆಯ ಭಾರ, ಯುದ್ಧ, ಕ್ಷಾಮ, ಧಾರ್ಮಿಕ ವಿಚಾರಣೆಯ ಭಯ ಮುಂತಾದ ಕಾರಣಗಳಿಂದ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳು ಕನ್ನಡ ಅರಸರ ನೆಲದಲ್ಲಿ ಗೇಣಿಗೆ ಗದ್ದೆ ಹಿಡಿದು ಇಲ್ಲಿಯೇ ನೆಲೆಸಿದವು. ಅವರು ತಮ್ಮೊಡನೆ ತಂದ ಆಸ್ತಿಯಲ್ಲಿ ಹಬ್ಬಗಳ ದಿನಗಳೂ ಸೇರಿದ್ದವು.

ಹೊನ್ನಾವರದ ಕೋಟೆಯು ಪೋರ್ಚುಗೀಸರ ಕೈತಪ್ಪಿ ಕೆಳದಿಯ ನಾಯಕರ ಪಾಲಾದ ಮೇಲೆ ಈ ಕುಟುಂಬಗಳು ಅವರ ಆಳ್ವಿಕೆಯಲ್ಲಿ ಬಾಳಿದವು. 1678ರಲ್ಲಿ ಕೆಳದಿಯವರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ದೇವಾಲಯಗಳನ್ನು ಕಟ್ಟಲು ಅನುಮತಿ ದೊರೆಯಿತು. ವೀರಶೈವ ಅರಸರ ರಾಜ್ಯದಲ್ಲಿ ಕ್ರೈಸ್ತ ದೇವಾಲಯಗಳು ಒಪ್ಪಂದದ ಬಲದಿಂದ ಎದ್ದವು ಎಂಬುದು ನಮ್ಮ ನಾಡಿನ ಚರಿತ್ರೆಯಲ್ಲಿ ಗೌರವದಿಂದ ನೆನೆಯಬೇಕಾದ ಸಂಗತಿ.

ಇದಾದ ಸ್ವಲ್ಪ ಕಾಲದಲ್ಲಿಯೇ, 1681ರಿಂದ 1684ರವರೆಗೆ, ಗೋವೆಯ ಯುವ ಗುರುಗಳೊಬ್ಬರು ಕೆನರಾ ಪ್ರದೇಶದ ಧರ್ಮಕಾರ್ಯಕ್ಕೆ ಮುಖ್ಯಸ್ಥರಾಗಿ ಬಂದರು. ಅವರೇ ಜೋಸೆಫ್ ವಾಜ್. ಆಗ ಈ ಪ್ರದೇಶದ ಕ್ರೈಸ್ತರು ಎರಡು ಅಧಿಕಾರಗಳ ನಡುವಿನ ಜಗಳದಲ್ಲಿ ಸಿಕ್ಕಿಕೊಂಡಿದ್ದರು. ಗೋವೆಯ ಆರ್ಚ್‌ಬಿಷಪರಿಗೆ ವಿಧೇಯರಾಗಬೇಕೋ, ರೋಮಿನಿಂದ ನೇಮಕವಾದ ಬಿಷಪ್ ತೋಮಸ್ ದೆ ಕಾಸ್ತ್ರೊರವರಿಗೆ ವಿಧೇಯರಾಗಬೇಕೋ ಎಂಬುದೇ ವಿವಾದ. ವಾಜ್‌ರವರು ಜಗಳವನ್ನು ಬೆಳೆಸದೆ, ಚದುರಿಹೋಗಿದ್ದ ಜನರನ್ನು ಕೂಡಿಸುವ ಕೆಲಸಕ್ಕೆ ತೊಡಗಿದರು. ಮುಂದೆ ಅವರು ಡಚ್ಚರ ಹಿಂಸೆಗೆ ಸಿಕ್ಕಿದ್ದ ಸಿಂಹಳದ ಕಥೋಲಿಕರನ್ನು ಸೇರಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 1995ರಲ್ಲಿ ಪುನೀತರೆಂದೂ 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸ್‌ರಿಂದ ಸಂತರೆಂದೂ ಘೋಷಿತರಾದರು. ಕನ್ನಡ ಕರಾವಳಿಯ ದಾರಿಗಳಲ್ಲಿ ನಡೆದಾಡಿದ ಒಬ್ಬರು ಸಂತರ ಪಂಚಾಂಗದಲ್ಲಿದ್ದಾರೆ ಎಂಬುದು ನಮಗೆ ಅಭಿಮಾನದ ವಿಷಯ.

ಚಂದಾವರದ ಡಿಸೆಂಬರ್ 3

ಸಂತೆಗುಳಿಯ ಸುತ್ತಿನ ಜನರಿಗೆ ‘ಹಬ್ಬ’ ಎಂದೊಡನೆ ನೆನಪಾಗುವುದು ಚಂದಾವರ. ಹೊನ್ನಾವರ ತಾಲೂಕಿಗೆ ಸೇರಿ, ಕುಮಟೆಗೂ ಹತ್ತಿರವಾಗಿರುವ ಈ ಹಳೆಯ ಊರಿನ ದೇವಾಲಯವು ಸಂತ ಫ್ರಾನ್ಸಿಸ್ ಸೇವಿಯರ್ ಅವರಿಗೆ ಅರ್ಪಿತವಾದುದು. ಪ್ರತಿ ವರ್ಷದ ಡಿಸೆಂಬರ್ 3ರಂದು ಅಲ್ಲಿ ನಡೆಯುವ ಫೆಸ್ತಿಗೆ ಜಿಲ್ಲೆಯ ನಾನಾ ಕಡೆಗಳಿಂದ ಭಕ್ತಾದಿಗಳು ಬರುತ್ತಾರೆ. ‘ಫೆಸ್ತ್’ ಎಂಬ ಈ ಮಾತು ಹಬ್ಬ ಎಂಬರ್ಥದ ಪೋರ್ಚುಗೀಸ್ ಶಬ್ದದಿಂದ ಬಂದುದಾದರೂ, ಇಂದು ಅದು ನಮ್ಮ ಕನ್ನಡದ್ದೇ, ಕೊಂಕಣಿಯದ್ದೇ ಆಗಿಬಿಟ್ಟಿದೆ.

ಸೇವಿಯರ್ 1506ರ ಏಪ್ರಿಲ್ 7ರಂದು ಸ್ಪೇನಿನ ನವಾರ್ ಪ್ರಾಂತದ ಒಂದು ಕೋಟೆಮನೆಯಲ್ಲಿ ಜನಿಸಿದರು. 1542ರ ಮೇ 6ರಂದು ಗೋವೆಯಲ್ಲಿ ಇಳಿದರು. ತಮಿಳು ಕರಾವಳಿಯ ಮುತ್ತಿನ ಬೆಸ್ತರ ನಡುವೆಯೂ, ಮಲಾಕ್ಕಾ ಮತ್ತು ಮೊಲುಕ್ಕಾ ದ್ವೀಪಗಳಲ್ಲಿಯೂ ಸೇವೆ ಸಲ್ಲಿಸಿ, 1549ರ ಆಗಸ್ಟ್ 15ರಂದು ಜಪಾನನ್ನು ತಲುಪಿದರು. ಗೋವೆಯಿಂದ ಕೊಚ್ಚಿಗೂ ಕನ್ಯಾಕುಮಾರಿಯ ಕಡೆಗೂ ಅವರು ಸಾಗಿದ ಹಡಗುಗಳು ನಮ್ಮ ಕಡಲತೀರದ ಎದುರಿನಿಂದಲೇ ಹೋಗಬೇಕಾಗಿತ್ತು. ಕೊನೆಗೆ ಚೀನಾದೇಶವನ್ನು ಪ್ರವೇಶಿಸಬೇಕೆಂಬ ಹಂಬಲದಿಂದ ಅದರ ತೀರಕ್ಕೆ ಸಮೀಪದ ಸಾನ್ಸಿಯಾನ್ ದ್ವೀಪದಲ್ಲಿ ಹಡಗಿಗಾಗಿ ಕಾಯುತ್ತ, 1552ರ ಡಿಸೆಂಬರ್ 3ರಂದು ಜ್ವರದಿಂದ ತೀರಿಕೊಂಡರು. ಆಗ ಅವರ ವಯಸ್ಸು 46. ಹತ್ತಿರದಲ್ಲಿ ಗುರುಗಳಾಗಲಿ ಬಂಧುಗಳಾಗಲಿ ಇರಲಿಲ್ಲ. ಯಾರೂ ಕಾಣದ ದ್ವೀಪದಲ್ಲಿ ಸಂಭವಿಸಿದ ಆ ಮರಣದ ದಿನವನ್ನು ಇಂದು ಗೋವೆಯಿಂದ ಜಪಾನಿನವರೆಗೆ ಕೋಟ್ಯಂತರ ಜನರು ಬಲ್ಲರು. ಅವರ ಪಾರ್ಥಿವ ಶರೀರವನ್ನು 1554ರಲ್ಲಿ ಗೋವೆಗೆ ತರಲಾಯಿತು; ಈಗ ಅದು ಹಳೆ ಗೋವೆಯ ಬೋಂ ಜೇಸುಸ್ ದೇವಾಲಯದಲ್ಲಿದೆ. 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆದ ಸಾರ್ವಜನಿಕ ದರ್ಶನಕ್ಕೆ ನಮ್ಮ ಜಿಲ್ಲೆಯಿಂದಲೂ ಜನರು ಹೋಗಿಬಂದಿದ್ದಾರೆ.

1622ರ ಮಾರ್ಚ್ 12ರಂದು ಪೋಪ್ 15ನೆಯ ಗ್ರೆಗೊರಿಯವರು ಒಂದೇ ದಿನ ಐವರನ್ನು ಸಂತರೆಂದು ಸಾರಿದರು. ಸೇವಿಯರ್, ಅವರ ಗುರುಸಮಾನರಾದ ಲೊಯೊಲಾದ ಇಗ್ನೇಷಿಯಸ್, ಆವಿಲಾದ ತೆರೇಸಾ, ರೋಮಿನ ಫಿಲಿಪ್ ನೇರಿ ಇವರೊಡನೆ ಐದನೆಯವರು ಮ್ಯಾಡ್ರಿಡ್ ಪಟ್ಟಣದ ಇಸಿದೋರ್. ಆತ ಇನ್ನೊಬ್ಬರ ಹೊಲದಲ್ಲಿ ದುಡಿದ ಬಡ ರೈತ. ಮೇ 15ರಂದು, ನಮ್ಮಲ್ಲಿ ಮಳೆಯನ್ನು ಎದುರುನೋಡುತ್ತ ಗದ್ದೆಯನ್ನು ಹಸನು ಮಾಡುವ ಹೊತ್ತಿಗೆ, ಅವರ ಹಬ್ಬ ಬರುತ್ತದೆ. ವಿದ್ವಾಂಸರೊಡನೆ, ಸಂಸ್ಥಾಪಕರೊಡನೆ ಉಳುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದನ್ನು ಗೇಣಿದಾರರ ಮಕ್ಕಳಾದ ನಾವು ಮರೆಯಲಾಗದು.

ಚಂದಾವರದ ಫೆಸ್ತಿಗೆ ಬರುವವರಲ್ಲಿ ಕ್ರೈಸ್ತರಲ್ಲದ ನೆರೆಹೊರೆಯವರೂ ಬಹಳ ಮಂದಿ. ಹರಕೆ ಹೊತ್ತವರು ಮೇಣದಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಕಾಯಿಲೆ ಗುಣವಾದುದಕ್ಕೆ, ಮಕ್ಕಳಾದುದಕ್ಕೆ, ಕಳೆದುಹೋದ ನೆಮ್ಮದಿ ಮರಳಿದ್ದಕ್ಕೆ ಕೃತಜ್ಞತೆ ಸಲ್ಲಿಸುತ್ತಾರೆ. ಅವರಿಗೆ ಲತೀನ್ ಪಂಚಾಂಗ ಗೊತ್ತಿಲ್ಲದಿರಬಹುದು. ಡಿಸೆಂಬರ್ 3 ಗೊತ್ತಿದೆ.

ಹಬ್ಬಕ್ಕೆ ಮುಂಚಿನ ನವದಿನಗಳ ಪ್ರಾರ್ಥನೆಗೂ ತನ್ನದೇ ಆದ ಮೂಲವಿದೆ. ಯೇಸುಸ್ವಾಮಿ ಸ್ವರ್ಗಾರೋಹಣರಾದ ಮೇಲೆ, ಪವಿತ್ರಾತ್ಮರ ಆಗಮನದವರೆಗೆ ಪ್ರೇಷಿತರು ಮಾತೆ ಮರಿಯಮ್ಮನವರೊಡನೆ ಪ್ರಾರ್ಥನೆಯಲ್ಲಿ ಕಳೆದ ಒಂಬತ್ತು ದಿನಗಳೇ ಅದರ ಮಾದರಿ. ಡಿಸೆಂಬರ್ 3ಕ್ಕೆ ಹಬ್ಬವಾದರೆ ನವೆಂಬರ್ 24ರಿಂದ ನೊವೆನಾ ಆರಂಭವಾಗಬೇಕು. ಹಬ್ಬ ಒಂದು ದಿನದ್ದಾದರೂ ಅದಕ್ಕೆ ಮನಸ್ಸನ್ನು ಅಣಿಗೊಳಿಸುವುದು ಒಂಬತ್ತು ದಿನಗಳ ಕೆಲಸ ಎಂಬುದೇ ಹಿರಿಯರ ಎಣಿಕೆಯಾಗಿತ್ತು.

ಮಳೆ, ಬೆಳೆ ಮತ್ತು ಹಬ್ಬ

ನಮ್ಮ ಜನರು ರೋಮಿನ ಪಂಚಾಂಗವನ್ನು ಇದ್ದಂತೆಯೇ ಸ್ವೀಕರಿಸಿ ಸುಮ್ಮನಾಗಲಿಲ್ಲ. ಅದನ್ನು ತಮ್ಮ ಮಳೆ ಬೆಳೆಗಳಿಗೆ ಹೊಂದಿಸಿಕೊಂಡರು. ಜೂನ್ 13ರ ಸಂತ ಅಂತೋನಿಯವರ ಹಬ್ಬ ಮಳೆಗಾಲದ ಹೊಸ್ತಿಲಲ್ಲಿ ಬರುತ್ತದೆ. ಜೂನ್ 24ರ ಸ್ನಾನಿಕ ಯೊವಾನ್ನರ ಹಬ್ಬವನ್ನು ಗೋವೆಯಲ್ಲಿ ‘ಸಾಂ ಜುವಾಂವ್’ ಎಂದು ಕರೆದು, ಹೂಬಳ್ಳಿಗಳ ಕಿರೀಟ ಧರಿಸಿ, ತುಂಬಿದ ಬಾವಿಗಳಿಗೆ ಧುಮುಕಿ ಆಚರಿಸುತ್ತಾರೆ. ತಾಯಿಯ ಉದರದಲ್ಲಿದ್ದಾಗಲೇ ಯೊವಾನ್ನರು ಸಂತೋಷದಿಂದ ನಲಿದಾಡಿದರೆಂಬ ಶುಭಸಂದೇಶದ ಮಾತಿಗೆ ಜನರು ಕೊಟ್ಟ ಅರ್ಥ ಅದು. ಜೂನ್ 29 ಸಂತ ಪೇತ್ರ ಮತ್ತು ಪೌಲರ ದಿನ. ಪೇತ್ರರು ಬಲೆ ಬೀಸುತ್ತಿದ್ದ ಬೆಸ್ತರು. ಅವರ ಹಬ್ಬ ಬರುವಾಗ ನಮ್ಮ ಕಡಲು ಉಕ್ಕೇರಿ ದೋಣಿಗಳು ದಡದಲ್ಲಿರುತ್ತವೆ. ಕಡಲಿಗಿಳಿಯಲಾಗದ ದಿನಗಳಲ್ಲಿ ಬೆಸ್ತರ ಕುಟುಂಬಗಳು ತಮ್ಮ ಸಂತರನ್ನು ನೆನೆಯುವುದರಲ್ಲಿ ಒಂದು ಔಚಿತ್ಯವಿದೆ.

ಬೆಳೆ ತೆನೆಗಟ್ಟುವ ಕಾಲಕ್ಕೆ ಮಾತೆಯ ಹಬ್ಬಗಳು ಬರುತ್ತವೆ. ಗೋವೆಯಲ್ಲಿ ಊರಿಗೊಂದು ದಿನದಂತೆ ಆಗಸ್ಟ್ ತಿಂಗಳಲ್ಲಿ ಹೊಸ ತೆನೆಯ ಆಶೀರ್ವಾದ ನಡೆಯುತ್ತದೆ. ದಕ್ಷಿಣ ಕನ್ನಡದಲ್ಲಿ ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನವೇ ತೆನೆ ಹಬ್ಬ. ಅದಕ್ಕೆ ಮೊಂತಿ ಫೆಸ್ತ್ ಎಂದು ಹೆಸರು. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ 1763ರಲ್ಲಿ ಗುರು ಜೋಕಿಂ ಮಿರಾಂಡರವರು ಈ ಹಬ್ಬವನ್ನು ಆರಂಭಿಸಿದರೆಂಬುದು ಪ್ರತೀತಿ. ಮಕ್ಕಳು ಒಂಬತ್ತು ದಿನ ಮಾತೆಗೆ ಹೂವು ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆಯ ಹೊಸ ಅಕ್ಕಿಯನ್ನು ಮನೆಮಂದಿಯೆಲ್ಲ ಕೂಡಿ ಸೇವಿಸುತ್ತಾರೆ. ನಮ್ಮ ಜಿಲ್ಲೆಯ ಹಿಂದೂ ಬಾಂಧವರ ಮನೆಗಳಲ್ಲಿ ನಡೆಯುವ ‘ಹೊಸ್ತು’ ಇದರ ಒಡಹುಟ್ಟು ಎನ್ನಬಹುದು. ಗದ್ದೆ ಒಂದೇ, ಮಳೆ ಒಂದೇ. ಮೊದಲ ತುತ್ತನ್ನು ದೇವರಿಗೆ ಕೊಟ್ಟು ಉಣ್ಣಬೇಕೆಂಬ ಸಂಸ್ಕಾರವೂ ಒಂದೇ.

ಹಬ್ಬಗಳು ನಮ್ಮ ಹೆಸರುಗಳಲ್ಲಿಯೂ ಉಳಿದಿವೆ. ಪೆದ್ರು, ಜುಜೆ, ಇನಾಸ್, ಬಸ್ತ್ಯಾಂವ್, ಆಂತೋನ್, ಸಾವೇರ್ ಎಂದು ನಮ್ಮ ಅಜ್ಜಂದಿರನ್ನು ಊರು ಕರೆಯುತ್ತಿದ್ದಾಗ, ಒಂದೊಂದು ಹೆಸರಿನ ಹಿಂದೆಯೂ ಪಂಚಾಂಗದ ಒಂದು ದಿನವಿತ್ತು.

ಬೂದಿ ಬುಧವಾರದ ನೆನಪು

ಕರಾವಳಿಯ ಕ್ರೈಸ್ತರ ಚರಿತ್ರೆಯಲ್ಲಿ ಅತ್ಯಂತ ದುಃಖದ ಅಧ್ಯಾಯ 1784ರದು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರ ಲೆಕ್ಕವನ್ನು ಒಬ್ಬೊಬ್ಬ ಚರಿತ್ರಕಾರರು ಒಂದೊಂದು ರೀತಿಯಾಗಿ ಕೊಡುತ್ತಾರೆ. ಹತ್ತಾರು ಸಾವಿರ ಎಂಬುದರಲ್ಲಿ ಸಂದೇಹವಿಲ್ಲ. ಘಟ್ಟದ ದಾರಿಯಲ್ಲಿ, ಸೆರೆಯಲ್ಲಿ, ಹಸಿವಿನಿಂದ, ರೋಗದಿಂದ ಎಷ್ಟೋ ಮಂದಿ ಮಡಿದರು. ಕರಾವಳಿಯ ಅನೇಕ ದೇವಾಲಯಗಳು ನೆಲಸಮವಾದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ನಂತರವೇ ಬದುಕುಳಿದವರು ಊರಿಗೆ ಮರಳಿದ್ದು.

ಈ ಸೆರೆಯ ದಿನವನ್ನು ನಮ್ಮ ಸಮಾಜ ಯಾವ ಹೆಸರಿನಿಂದ ನೆನಪಿಟ್ಟುಕೊಂಡಿತು ಎಂಬುದನ್ನು ನೋಡಬೇಕು. ಫೆಬ್ರುವರಿಯ ಇಂಥ ತಾರೀಖು ಎಂದು ಅಜ್ಜಿಯರು ಹೇಳಲಿಲ್ಲ; ‘ಬೂದಿ ಬುಧವಾರ’ ಎಂದೇ ಹೇಳಿದರು. ತಪಸ್ಸುಕಾಲದ ಮೊದಲ ದಿನ, ಹಣೆಗೆ ಬೂದಿ ಹಚ್ಚಿಕೊಂಡು ‘ಮಣ್ಣಿನಿಂದ ಬಂದವನೇ, ಮಣ್ಣಿಗೇ ಹೋಗುವೆ’ ಎಂಬ ಅರ್ಥವನ್ನು ಮನನ ಮಾಡುವ ದಿನ. ದೇವಾಲಯ ಬಿದ್ದು, ಪುಸ್ತಕಗಳು ಸುಟ್ಟು, ಗುರುಗಳು ದೂರವಾದ ಕಾಲದಲ್ಲಿಯೂ ಪಂಚಾಂಗ ಜನರ ಬಾಯಲ್ಲಿ ಉಳಿದಿತ್ತು. ಹದಿನೈದು ವರ್ಷಗಳ ನಂತರ ಮರಳಿ ಬಂದವರು ಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದಾಗ, ಯಾವ ದಿನ ಯಾವ ಹಬ್ಬ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸ್ಮಿರ್ನಾದ ಆ ಜನರಂತೆ ಇವರಿಗೂ ಉಳಿದಿದ್ದ ಆಸ್ತಿ ದಿನಗಳೇ.

ಆದರೆ ಸ್ಮಿರ್ನಾದವರಿಗಿದ್ದ ಒಂದು ಭಾಗ್ಯ ನಮ್ಮವರಿಗಿರಲಿಲ್ಲ. ಅವರ ಕೈಯಲ್ಲಿ ಪೊಲಿಕಾರ್ಪರ ಅಸ್ಥಿಗಳಿದ್ದವು, ಹೆಸರಿತ್ತು. ಘಟ್ಟದ ದಾರಿಯಲ್ಲಿ ಬಿದ್ದವರಿಗೆ ಸಮಾಧಿಯಿಲ್ಲ. ಬಹುಪಾಲು ಜನರ ಹೆಸರೂ ಉಳಿದಿಲ್ಲ. ಅವರಿಗೆ ಪಂಚಾಂಗದಲ್ಲಿ ದಿನವಿಲ್ಲವೇ? ಇದೆ. 609ರ ಮೇ 13ರಂದು ಪೋಪ್ 4ನೆಯ ಬೊನಿಫೇಸ್ ರೋಮಿನ ಪ್ಯಾಂಥಿಯಾನ್ ಗುಡಿಯನ್ನು ಮಾತೆ ಮರಿಯಮ್ಮನವರಿಗೂ ಸಕಲ ಹುತಾತ್ಮರಿಗೂ ಅರ್ಪಿಸಿದರು. ಎಂಟನೆಯ ಶತಮಾನದಲ್ಲಿ 3ನೆಯ ಗ್ರೆಗೊರಿಯವರು ಸಕಲ ಸಂತರ ಗೌರವಾರ್ಥ ಒಂದು ಪ್ರಾರ್ಥನಾ ಮಂದಿರವನ್ನು ಸಂತ ಪೇತ್ರರ ದೇವಾಲಯದಲ್ಲಿ ಪ್ರತಿಷ್ಠಿಸಿದರು. ಈ ಭಕ್ತಿ ಬೆಳೆದು ನವೆಂಬರ್ 1ರ ಸಕಲ ಸಂತರ ಹಬ್ಬವಾಗಿ ನೆಲೆನಿಂತಿತು. ಸುಮಾರು 998ರಲ್ಲಿ ಕ್ಲೂನಿಯ ಮಠಾಧಿಪತಿ ಒದಿಲೋ ತಮ್ಮ ಮಠಗಳಲ್ಲಿ ಆರಂಭಿಸಿದ ಸಕಲ ಮೃತರ ಸ್ಮರಣೆ ನವೆಂಬರ್ 2ರಂದು ಬರುತ್ತದೆ. ಯಾರ ಹೆಸರೂ ಪಟ್ಟಿಯಲ್ಲಿಲ್ಲವೋ ಅವರ ಹಬ್ಬವೇ ಈ ಎರಡು ದಿನಗಳು. ನವೆಂಬರ್ 2ರಂದು ಸ್ಮಶಾನದಲ್ಲಿ ನಮ್ಮ ಮನೆಯವರ ಗೋರಿಗೆ ಮೇಣದಬತ್ತಿ ಹಚ್ಚುವಾಗ, ಗೋರಿಯೇ ಇಲ್ಲದ ಆ ಪೂರ್ವಿಕರಿಗಾಗಿಯೂ ಒಂದನ್ನು ಹಚ್ಚುವುದು ನಮ್ಮ ಕರ್ತವ್ಯ.

1969ರ ಪರಿಷ್ಕರಣೆ

ಶತಮಾನಗಳಿಂದ ಹೆಸರುಗಳು ಸೇರುತ್ತ ಹೋಗಿ ರೋಮಿನ ಪಂಚಾಂಗ ಕಿಕ್ಕಿರಿದು ಹೋಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಶಾಸನದಲ್ಲಿ, ಇಡೀ ಜಗತ್ತಿಗೆ ಮಹತ್ವವುಳ್ಳ ಸಂತರನ್ನು ಮಾತ್ರ ಸಾರ್ವತ್ರಿಕ ಪಂಚಾಂಗದಲ್ಲಿರಿಸಿ, ಉಳಿದವರ ಹಬ್ಬಗಳನ್ನು ಆಯಾ ನಾಡು, ಪ್ರಾಂತ, ಸಂಸ್ಥೆಗಳಿಗೆ ಬಿಡಬೇಕೆಂದು ವಿಧಿಸಿತು. ಅದರಂತೆ 6ನೆಯ ಪೌಲರು 1969ರ ಫೆಬ್ರುವರಿ 14ರಂದು ಹೊಸ ಪಂಚಾಂಗವನ್ನು ಅನುಮೋದಿಸಿದರು. 1970ರ ಜನವರಿ 1ರಿಂದ ಅದು ಜಾರಿಗೆ ಬಂದಿತು.

ಸಂತ ಕ್ರಿಸ್ಟೋಫರ್, ಸಂತ ಬಾರ್ಬರಾ ಮುಂತಾದವರ ಹೆಸರುಗಳು ಸಾರ್ವತ್ರಿಕ ಪಟ್ಟಿಯಿಂದ ಬಿಟ್ಟುಹೋದಾಗ ‘ಸಂತರನ್ನೇ ತೆಗೆದುಹಾಕಿದರು’ ಎಂದು ಅನೇಕರು ನೊಂದುಕೊಂಡರು. ಅದು ಸರಿಯಾದ ತಿಳುವಳಿಕೆಯಲ್ಲ. ಅವರ ಭಕ್ತಿ ಎಲ್ಲಿ ಬೇರೂರಿದೆಯೋ ಅಲ್ಲಿ ಹಬ್ಬ ಆಚರಿಸಲು ಅಡ್ಡಿಯಿಲ್ಲ. ಇದೇ ಸಂದರ್ಭದಲ್ಲಿ ಭಾರತದ ಪ್ರೇಷಿತರೆನಿಸಿದ ಸಂತ ತೋಮರ ಹಬ್ಬ ಡಿಸೆಂಬರ್ 21ರಿಂದ ಜುಲೈ 3ಕ್ಕೆ ಬಂದಿತು. ಜುಲೈ 3 ಕೇರಳದ ಸಿರಿಯನ್ ಕ್ರೈಸ್ತರು ಮೊದಲಿನಿಂದಲೂ ಆಚರಿಸುತ್ತಿದ್ದ ದಿನ.

ಊರಿನ ಹಬ್ಬಕ್ಕೆ ಈ ಪರಿಷ್ಕರಣೆಯಲ್ಲಿ ಎಷ್ಟು ಗೌರವವಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಲೋಕದ ಉಳಿದೆಡೆ ಸಾಧಾರಣ ಸ್ಮರಣೆಯಾಗಿರುವ ಸಂತರ ದಿನವು, ಅವರಿಗೆ ಅರ್ಪಿತವಾದ ದೇವಾಲಯದಲ್ಲಿ ಅತ್ಯುನ್ನತ ದರ್ಜೆಯ ಮಹೋತ್ಸವವಾಗುತ್ತದೆ. ಅದಕ್ಕೂ ಒಂದು ಮಿತಿಯುಂಟು. ಡಿಸೆಂಬರ್ 3 ಭಾನುವಾರ ಬಂದರೆ ಅದು ತಪ್ಪದೆ ಆಗಮನ ಕಾಲದ ಮೊದಲ ಭಾನುವಾರವಾಗಿರುತ್ತದೆ. 2023ರಲ್ಲಿ ಹಾಗೆಯೇ ಆಯಿತು. ಆಗ ವಿಧಿಯ ಪ್ರಕಾರ ಭಾನುವಾರಕ್ಕೇ ಪ್ರಾಶಸ್ತ್ಯ. ಸಂತರು ಎಷ್ಟೇ ದೊಡ್ಡವರಾದರೂ ಒಡೆಯನ ದಿನಕ್ಕೆ ದಾರಿ ಬಿಡುತ್ತಾರೆ.

ನಮ್ಮ ಜಿಲ್ಲೆಯ ಕಥೋಲಿಕರು ಮೊದಲು ಗೋವೆಯ ಆರ್ಚ್‌ಬಿಷಪರ ಆಡಳಿತಕ್ಕೂ, 1953ರಿಂದ ಬೆಳಗಾವಿ ಧರ್ಮಪ್ರಾಂತ್ಯಕ್ಕೂ, 1976ರಿಂದ ಕಾರವಾರ ಧರ್ಮಪ್ರಾಂತ್ಯಕ್ಕೂ ಸೇರಿದರು. ಆಡಳಿತ ಎರಡು ಸಲ ಬದಲಾಯಿತು. ಲತೀನ್ ಹೋಗಿ ನಾವು ಬಲ್ಲ ನುಡಿಗಳಲ್ಲಿ ಪೂಜೆ ಬಂದಿತು. ಡಿಸೆಂಬರ್ 3 ಮಾತ್ರ ತನ್ನ ಸ್ಥಾನದಲ್ಲಿಯೇ ಇದೆ. ನಡುವೆ ನಮ್ಮ ನೆಲದವರ ಹೆಸರುಗಳೂ ಸಂತರ ಪಟ್ಟಿಗೆ ಸೇರುತ್ತ ಬಂದಿವೆ: 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿ 1862ರಲ್ಲಿ ಸಂತರೆನಿಸಿದ ವಸಾಯಿಯ ಗೊನ್ಸಾಲೊ ಗಾರ್ಸಿಯಾ, 2008ರಲ್ಲಿ ಕೇರಳದ ಅಲ್ಫೋನ್ಸಾ, 2016ರಲ್ಲಿ ಕೋಲ್ಕತ್ತದ ಮದರ್ ತೆರೇಸಾ, 2022ರಲ್ಲಿ ಕನ್ಯಾಕುಮಾರಿ ಸೀಮೆಯ ದೇವಸಹಾಯಂ. ಇವರಲ್ಲಿ ದೇವಸಹಾಯಂ ಗುರುಗಳೂ ಅಲ್ಲ, ಸನ್ಯಾಸಿಯೂ ಅಲ್ಲ; ನಮ್ಮ ನಿಮ್ಮಂತೆ ಸಂಸಾರಸ್ಥರು.

ನಮ್ಮ ಹೊಣೆ

ಇಂದು ನಮ್ಮ ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ದೇಶಗಳಲ್ಲಿದ್ದಾರೆ. ಹಬ್ಬವನ್ನು ರಜೆಗೆ ಹೊಂದಿಸಬೇಕು, ಭಾನುವಾರಕ್ಕೆ ತರಬೇಕು ಎಂಬ ಸಲಹೆಗಳು ಅಲ್ಲಲ್ಲಿ ಕೇಳಿಬರುತ್ತವೆ. ಬಂಧುಗಳೆಲ್ಲ ಕೂಡಬೇಕೆಂಬ ಆಸೆ ತಪ್ಪಲ್ಲ. ಆದರೆ ದಿನವನ್ನು ಸರಿಸುವ ಮುನ್ನ ಆ ದಿನವನ್ನು ನಮ್ಮ ಹಿರಿಯರು ಯಾವ ಬೆಲೆ ತೆತ್ತು ಕಾಪಾಡಿದರು ಎಂಬುದನ್ನು ಯೋಚಿಸುವುದು ಒಳ್ಳೆಯದು. ಸೌಕರ್ಯಕ್ಕಾಗಿ ಬೇರೆ ದಿನ ಕೂಡಿದರೂ, ನಿಜವಾದ ದಿನದಂದು ದೇವಾಲಯದ ಘಂಟೆ ಮೌನವಾಗಿರಬಾರದು. ಹಾಗೆಯೇ ದೀಪಾಲಂಕಾರ, ಬ್ಯಾಂಡು, ಸಿಡಿಮದ್ದುಗಳ ನಡುವೆ, ಯಾರ ಮರಣವನ್ನು ನೆನೆಯಲು ಕೂಡಿದ್ದೇವೋ ಅವರ ಬಾಳಿನ ಕಥೆಯನ್ನು ಮಕ್ಕಳಿಗೆ ಹೇಳುವವರು ಮನೆಗೊಬ್ಬರಾದರೂ ಇರಬೇಕು.

ಶತಮಾನೋತ್ಸವದ ಈ ವರ್ಷದಲ್ಲಿ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಮನೆಯ ಹಿರಿಯರನ್ನು ಕೇಳಿ, ತಮ್ಮ ಬಾಲ್ಯದಲ್ಲಿ ಯಾವ ಹಬ್ಬ ಹೇಗೆ ನಡೆಯುತ್ತಿತ್ತು, ಯಾವ ಹಾಡು ಹಾಡುತ್ತಿದ್ದರು, ನೆರೆಯ ಯಾವ ಮನೆಗಳಿಗೆ ಹಬ್ಬದ ತಿಂಡಿ ಹೋಗುತ್ತಿತ್ತು ಎಂಬುದನ್ನು ಬರೆದಿಡುವುದು. ತೀರಿಹೋದ ಪೂರ್ವಿಕರಲ್ಲಿ ನೆನಪಿರುವಷ್ಟು ಹೆಸರುಗಳನ್ನು ಪಟ್ಟಿ ಮಾಡಿ ನವೆಂಬರ್ 2ರ ಪೂಜೆಗೆ ಗುರುಗಳಿಗೆ ಒಪ್ಪಿಸುವುದು. ರೋಮಿನ 354ರ ಪಟ್ಟಿಯೂ ಇದೇ ಬಗೆಯ ಕೆಲಸದಿಂದ ಹುಟ್ಟಿತು: ಇಂಥ ದಿನ, ಇಂಥವರು, ಇಂಥ ಕಡೆ ಎಂದು ಬರೆದಿಟ್ಟ ಸಾಮಾನ್ಯರ ಶ್ರದ್ಧೆಯಿಂದ. ಮುಂದಿನ ನೂರು ವರ್ಷಗಳಲ್ಲಿ ಈ ದೇವಾಲಯದ ಗೋಡೆಗಳು ಬದಲಾಗಬಹುದು; ನಮ್ಮ ಮಕ್ಕಳ ಮಕ್ಕಳು ಹಬ್ಬದ ದಿನವನ್ನು ಬಲ್ಲವರಾಗಿದ್ದರೆ ಧರ್ಮಕೇಂದ್ರ ಬಾಳುತ್ತದೆ. ಸಕಲ ಸಂತರ ಪ್ರಾರ್ಥನೆಯೂ, ಹೆಸರಿಲ್ಲದೆ ಹೋದ ನಮ್ಮ ಪೂರ್ವಿಕರ ಪ್ರಾರ್ಥನೆಯೂ ನಮ್ಮೆಲ್ಲರನ್ನು ಕಾಯಲಿ.